ವಿಂಡೋಸ್ 11ಕ್ಕೆ ಹೋಗುವ ಮುನ್ನ: ಹಳೆಯ ‘ನುಡಿ’ ಕಡತಗಳ ಬಗ್ಗೆ ಒಂದು ಟಿಪ್ಪಣಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಗಣಕವೇನೂ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ (ಪ್ಯಾಚ್) ಬರುವುದಿಲ್ಲ. ತೇಪೆಯ ಬೆಲೆ ತಿಳಿಯಲು 2017ರ ಮೇ ತಿಂಗಳ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿಯನ್ನು ನೆನೆಯಬೇಕು. ಅದನ್ನು ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಯ ತಲೆಗೆ ಕಟ್ಟುವವರಿದ್ದಾರೆ. ಆದರೆ ಸೋಂಕು ತಗುಲಿದ ಗಣಕಗಳಲ್ಲಿ ಬಹುಪಾಲು ವಿಂಡೋಸ್ 7ರವು. ಆಗ ಅದಕ್ಕೆ ಬೆಂಬಲವಿತ್ತು, ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ. ತೇಪೆ ಹಾಕುವ ಅಪ್‌ಡೇಟ್ ಬೇರೆ, ಹೊಸ ಆವೃತ್ತಿಗೆ ಹೋಗುವ ಅಪ್‌ಗ್ರೇಡ್ ಬೇರೆ. ಮೊದಲನೆಯದನ್ನು ಮುಂದೂಡಲು ನನಗೆ ಕಾರಣ ಕಾಣುವುದಿಲ್ಲ. ಎರಡನೆಯದಕ್ಕೆ ಮಾತ್ರ ವಿಚಾರ ಬೇಕು.

ನಮ್ಮ ಸಂಶೋಧಕರ ಅಳುಕು ಇರುವುದು ಇನ್ನೊಂದು ಕಡೆ: ‘ವಿಂಡೋಸ್ ಬದಲಿಸಿದರೆ ನುಡಿಯಲ್ಲಿ ಬರೆದದ್ದೆಲ್ಲ ಹಾಳಾಗುತ್ತದೆ.’ ಈ ಮಾತನ್ನು ಪರೀಕ್ಷಿಸಿ ನೋಡಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಕಡತಗಳ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ. ‘ಕ’ ಎಂಬುದಕ್ಕೆ ಒಡಲು ಒಂದು ಸಂಕೇತ, ತಲೆಕಟ್ಟು ಇನ್ನೊಂದು. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು, ವಿಂಡೋಸ್ ಅಲ್ಲ. ಆ ಫಾಂಟನ್ನು ವಿಂಡೋಸ್ 11ರಲ್ಲಿ ಹಾಕಿದರೂ ಪುಟ ಮೊದಲಿನಂತೆಯೇ ಕಾಣುತ್ತದೆ.

ಹಾಗಿದ್ದರೂ ಅಳುಕಿಗೆ ಒಂದು ನಿಜವಾದ ಆಧಾರವಿದೆ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. 32 ಬಿಟ್‌ನ ವಿಂಡೋಸ್ 10 ಇದ್ದವರು ಇದ್ದದ್ದರ ಮೇಲೆಯೇ ಏರಿಸುವಂತಿಲ್ಲ, ಹೊಸದಾಗಿ ಅನುಸ್ಥಾಪಿಸಬೇಕು. ಆಗ ಫಾಂಟುಗಳು ಹೋಗುತ್ತವೆ, ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಸಾಲುಗಳು ಕಾಣುತ್ತವೆ. 16 ಬಿಟ್ ಕಾಲದ ತಂತ್ರಾಂಶಗಳಂತೂ 64 ಬಿಟ್ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ನಿಘಂಟಿನ ಚೀಟಿಗಳನ್ನು ಅಂಥದರಲ್ಲಿ ಕೂಡಿಟ್ಟವರಿಗೆ ಇದು ಸಣ್ಣ ನಷ್ಟವಲ್ಲ.

ಆದ್ದರಿಂದ ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತನೆ ಮೊದಲು, ಅಪ್‌ಗ್ರೇಡ್ ಆಮೇಲೆ ಎಂಬುದು ನನ್ನ ನಿಲುವು. ಮೂಲ ಕಡತವನ್ನೂ ಫಾಂಟನ್ನೂ ಒಟ್ಟಿಗೆ ಬೇರೆ ಡಿಸ್ಕಿನಲ್ಲಿ ಇಡಬೇಕು. ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ, ಅಥವಾ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್ ಇರುವ ಯಂತ್ರ ಸಾಮಾನ್ಯವಾಗಿ ವಿಂಡೋಸ್ 11ರ ಅರ್ಹತೆಗೆ ಬಾರದು. ಅದನ್ನು ಅಂತರ್ಜಾಲದಿಂದ ಬಿಡಿಸಿ, ಹಳೆಯ ಕಡತ ಓದುವುದಕ್ಕೆಂದೇ ಉಳಿಸಿಕೊಳ್ಳುವುದು ಲೇಸು. ಮನೆಬಳಕೆಯವರು ವಿಂಡೋಸ್ 10ರ ವಿಸ್ತರಿತ ಭದ್ರತಾ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ದೊರೆಯುತ್ತದೆ. ಪರಿವರ್ತನೆಗೆ ಆ ಅವಧಿಯನ್ನು ಬಳಸಿಕೊಳ್ಳಬಹುದು.

ಪರಿವರ್ತಿಸಿದ್ದನ್ನು ಹಳೆಯ ಅಚ್ಚುಪ್ರತಿಯೊಡನೆ ಹೋಲಿಸಲೇಬೇಕು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಈ ಜಾಗದ ಅದಲುಬದಲಿನಲ್ಲಿ ತಪ್ಪು ನುಸುಳುವುದು ಸುಲಭ. ನಾನು ಮೊದಲು ಹುಡುಕುವುದು ‘ಧರ್ಮ’, ‘ಕಾರ್ಯ’, ‘ವರ್ಷ’ಗಳನ್ನು. ಹಳಗನ್ನಡ ಪಾಠವಾದರೆ ಱ ಮತ್ತು ೞ ಇರುವ ಪ್ರತಿಯೊಂದು ಸಾಲನ್ನೂ ನೋಡುತ್ತೇನೆ.