ಹೊನ್ನವಳ್ಳಿಯ ಕೆರೆಯೂ ಇಂಜಿನಿಯರನ ಎರಡನೆಯ ವಿದ್ಯೆಯೂ

ತಿಪಟೂರಿನ ಹೆಸರು ಇಂದು ಕೊಬ್ಬರಿಯೊಡನೆ ಎಷ್ಟು ಗಾಢವಾಗಿ ಬೆರೆತಿದೆಯೋ, ಹತ್ತೊಂಬತ್ತನೆಯ ಶತಮಾನದ ಸರಕಾರಿ ಕಾಗದಪತ್ರಗಳಲ್ಲಿ ಹೊನ್ನವಳ್ಳಿಯ ಹೆಸರು ಆ ಸೀಮೆಯ ಆಡಳಿತದೊಡನೆ ಅಷ್ಟೇ ಗಾಢವಾಗಿ ಬೆರೆತಿತ್ತು. ಆ ಶತಮಾನ ಮುಗಿಯುವುದರೊಳಗಾಗಿ ತಾಲ್ಲೂಕಿನ ಕಛೇರಿಯೂ ಹೆಸರೂ ಎರಡೂ ತಿಪಟೂರಿಗೆ ಸಂದುವು. 1889ರ ಹೊತ್ತಿಗೆ ಗುಬ್ಬಿಯಿಂದ ಹರಿಹರದವರೆಗೆ ಹಬ್ಬಿದ ರೈಲುದಾರಿ ತಿಪಟೂರಿನ ಪೇಟೆಯನ್ನು ದೂರದ ಪೇಟೆಗಳಿಗೆ ಜೋಡಿಸಿದ ಮೇಲಂತೂ, ಸ್ವರ್ಣಾಂಬೆಯ ಗುಡಿಯನ್ನೂ, ತನ್ನ ಕೆರೆಯನ್ನೂ, ರೈಸ್ ಸಾಹೇಬರು ಮೈಸೂರು ಗೆಜೆಟಿಯರಿನಲ್ಲಿ ನೆನೆದಿರುವ ‘ಗಂಗಾಪಾನಿ’ ಎಂಬ ಸವಿನೀರಿನ ತೆಂಗನ್ನೂ ಉಳಿಸಿಕೊಂಡು ಹೊನ್ನವಳ್ಳಿಯು ಒಂದು ಹೋಬಳಿಯ ಊರಾಗಿ ನಿಂತಿತು. ಈ ಸೀಮೆಯ ತೆಂಗಿನ ತೋಟಗಳ ಮನೆಗಳಿಂದ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಈಗ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಅರಸಿ ಬೆಂಗಳೂರಿಗೂ ಅಮೆರಿಕಕ್ಕೂ ಹೊರಡುವುದನ್ನು ಕಂಡು, ಇದಾವುದೋ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೆಂದು ಹಿರಿಯರು ಹುಬ್ಬೇರಿಸುವುದುಂಟು. ಪದವಿ ಹೊಸದೆಂಬುದು ದಿಟ. ಆದರೆ ಅದು ಕೂಡಿಸಹೊರಟಿರುವ ಎರಡು ವಿದ್ಯೆಗಳು ಇದೇ ನಾಡಿನಲ್ಲಿ ಒಮ್ಮೆ ಕೂಡಿಯೇ ಇದ್ದುವೆಂಬುದನ್ನೂ, ಅವು ಹೇಗೆ ಅಗಲಿದುವೆಂಬುದನ್ನೂ ಅರಿಯಬೇಕಾದರೆ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಮಳೆ ಕಡಮೆಯಾದ ಬಯಲುಸೀಮೆಯ ಈ ಭಾಗದಲ್ಲಿ ಕೆರೆಯೆಂದರೆ ಬರಿಯ ನೀರಿನ ಸಂಗ್ರಹವಾಗಿರಲಿಲ್ಲ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಂಬಿವು ಅದರ ಶಿಲ್ಪವಾದರೆ, ನೀರು ಯಾವ ದಿನ ಯಾರ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕು, ಹೂಳೆತ್ತುವುದಕ್ಕೆ ಯಾವ ಮನೆಯಿಂದ ಎಷ್ಟು ಆಳು ಬರಬೇಕು, ಮಳೆ ಕೈಕೊಟ್ಟ ವರ್ಷ ಬತ್ತವನ್ನು ಬಿಟ್ಟು ರಾಗಿಗೆ ತಿರುಗುವುದು ಯಾವಾಗ ಎಂಬುವು ಅದರ ವ್ಯವಸ್ಥೆ. ಈ ಎರಡಕ್ಕೂ ಹೊಣೆಯಾಗಿದ್ದವನು ನೀರುಗಂಟಿ. ತೂಬಿನ ಕಲ್ಲುಕಂಬಗಳ ನಡುವೆ ಇಳಿದು, ಉಸಿರು ಕಟ್ಟಿ ಮುಳುಗಿ, ಬೆಣೆಯನ್ನು ಎಷ್ಟು ಸಡಿಲಿಸಿದರೆ ಕೊನೆಯ ಗದ್ದೆಗೆ ನೀರು ಮುಟ್ಟೀತೆಂಬುದನ್ನು ಕೈಯಳತೆಯಿಂದಲೇ ಅರಿತಿದ್ದ ಆ ಮನುಷ್ಯನು, ಮೇಲಕ್ಕೆ ಬಂದು ಮೈ ಒರಸಿಕೊಳ್ಳುವಷ್ಟರಲ್ಲಿ ಇಬ್ಬರು ಗೌಡರ ಸರದಿಯ ಜಗಳವನ್ನೂ ತೀರ್ಮಾನಿಸಬೇಕಾಗುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನಿಗೆ ಸಲ್ಲುತ್ತಿದ್ದ ಆಯವು ಎರಡು ಕೆಲಸಕ್ಕೂ ಸೇರಿ ಒಂದೇ ಸಂಬಳ. ಬಹುಮಟ್ಟಿಗೆ ಅವನು ಸಮಾಜದ ಕೆಳಗಿನ ಜಾತಿಗಳವನಾಗಿದ್ದು, ಅವನ ತಿಳಿವಿಗೆ ಇದ್ದ ಬೆಲೆ ಅವನ ಮಾನಕ್ಕೆ ಇರಲಿಲ್ಲವೆಂಬುದನ್ನು ಮರೆಮಾಚಿ ಹಳೆಯ ವ್ಯವಸ್ಥೆಯನ್ನು ಕೊಂಡಾಡುವುದು ನ್ಯಾಯವಲ್ಲ.

1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ತರುವಾಯ, 1856ರಲ್ಲಿ ಲೋಕೋಪಯೋಗಿ ಇಲಾಖೆ ಏರ್ಪಟ್ಟಿತು. ಹೊಸ ಕೆರೆಯನ್ನು ಕಟ್ಟಲು ತಾವನ್ನು ಹುಡುಕುವುದೇ ಜಾಣ್ಮೆಯ ಕೆಲಸವಾದೀತೆಂದು, ಆ ಇಲಾಖೆಯ ಮುಖ್ಯ ಇಂಜಿನಿಯರಾದ ಸ್ಯಾಂಕಿಯವರೇ ಬೆರಗಾಗುವಷ್ಟು ಕೆರೆಗಳು ಈ ನಾಡಿನಲ್ಲಿ ಆಗಲೇ ಇದ್ದುವು. ಅವುಗಳ ಜೀರ್ಣೋದ್ಧಾರವನ್ನು ಇಲಾಖೆಯು ಶ್ರದ್ಧೆಯಿಂದಲೇ ಕೈಗೊಂಡಿತು. ನಕ್ಷೆ, ಅಂದಾಜುಪಟ್ಟಿ, ಮರಾಮತ್ತಿನ ಲೆಕ್ಕ ಎಲ್ಲವೂ ಕ್ರಮಬದ್ಧವಾದುವು. ಆದರೆ ಏರಿಯು ಇಂಜಿನಿಯರನಿಗೂ, ಕಂದಾಯವು ಅಮಲ್ದಾರನಿಗೂ, ಸರದಿಯು ಊರಿಗೂ ಹಂಚಿಹೋದ ಮೇಲೆ, ಕೆರೆಯ ಪೂರ್ಣಸ್ವರೂಪವನ್ನು ಬಲ್ಲ ಒಬ್ಬ ಮನುಷ್ಯನಾಗಲಿ ಒಂದು ಕಛೇರಿಯಾಗಲಿ ಉಳಿಯಲಿಲ್ಲ. ಇಲಾಖೆಯ ತಪ್ಪಿಗಿಂತಲೂ ಇದು ವಿಭಜನೆಯ ಸ್ವಭಾವವೆಂದು ನನಗೆ ತೋರುತ್ತದೆ. ಕೋಡಿ ಒಡೆದರೆ ಇಂಜಿನಿಯರನು ಬಂದಾನು, ಆದರೆ ಹೂಳು ತುಂಬಿದರೆ ಬರುವವರು ಯಾರೆಂಬ ಪ್ರಶ್ನೆಗೆ ಆ ಲೆಕ್ಕದ ಪುಸ್ತಕಗಳಲ್ಲಿ ಅಂಕಣವೇ ಇರಲಿಲ್ಲ.

ಬೇರ್ಪಟ್ಟ ಈ ಎರಡನ್ನು ಮೇಲಿನ ಹಂತದಲ್ಲಿ ಮತ್ತೆ ಬೆಸೆದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರನ್ನು ಅಣೆಕಟ್ಟಿನ ಶಿಲ್ಪಿಯೆಂದು ಸ್ತುತಿಸುವವರು ಅವರ ಇನ್ನೊಂದು ಮುಖವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ ನೀರಾ ಕಾಲುವೆಯ ಕೆಳಗೆ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯಲ್ಲಿ ಹೊಸ ಕಟ್ಟಡವೇನೂ ಇರಲಿಲ್ಲ; ಕಂಡಕಂಡಲ್ಲಿ ಹರಿದು ಪೋಲಾಗುತ್ತಿದ್ದ ನೀರನ್ನು ಗ್ರಾಮ ಗ್ರಾಮದ ಗೊತ್ತಾದ ತಾಕುಗಳಿಗೆ ಸೀಮಿತಗೊಳಿಸಿ, ಕಬ್ಬಿಗೂ ಇತರ ಪೈರುಗಳಿಗೂ ಸರದಿಯನ್ನು ಏರ್ಪಡಿಸಿ, ಅದೇ ನೀರಿನಿಂದ ಹೆಚ್ಚು ರೈತರಿಗೆ ಪ್ರಯೋಜನವಾಗುವಂತೆ ಮಾಡಿದ ಶುದ್ಧ ವ್ಯವಸ್ಥಾಪನೆ ಅದು. 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ಮೇಲೆ, 1911ರಲ್ಲಿ ಕೆರೆಗಳ ಪಾಲನೆಯಲ್ಲಿ ಊರವರಿಗೂ ಕೈಯಿರಬೇಕೆಂದು ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ ಬಂದಿತು. 1912ರಿಂದ 1918ರವರೆಗೆ ದಿವಾನಗಿರಿಯಲ್ಲಿದ್ದು, ಸರಕಾರಿ ಕಛೇರಿಗಳ ಕೆಲಸವನ್ನೇ ಅಳೆದು ತೂಗುವ ದಕ್ಷತಾ ಪರಿಶೋಧನೆಯನ್ನು ಅವರು ಆರಂಭಿಸಿದರು. ಕಡತವೊಂದು ಎಷ್ಟು ಮೇಜುಗಳ ಮೇಲೆ ಎಷ್ಟು ದಿನ ಮಲಗಿತೆಂದು ಲೆಕ್ಕ ಕೇಳುವ ದಿವಾನರನ್ನು ಗುಮಾಸ್ತರು ಪ್ರೀತಿಸಿರಲಾರರು. ಮುಂದೆ 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ, ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಖರ್ಚನ್ನು ಹಿಡಿದು, ವಿದೇಶೀ ತಜ್ಞರ ಜಾಗದಲ್ಲಿ ನಮ್ಮವರನ್ನು ತಯಾರು ಮಾಡಿ ನಿಲ್ಲಿಸಿದರು.

ಅದೇ ಕಾಲದಲ್ಲಿ ಸಮುದ್ರದಾಚೆಯೂ ಇದೇ ಚಿಂತನೆ ನಡೆದಿತ್ತು. ಇಂಜಿನಿಯರನು ಅರ್ಥಶಾಸ್ತ್ರಜ್ಞನೂ ಆಗಬೇಕೆಂಬ ಆಶಯದ ಪ್ರಬಂಧವನ್ನು ಹೆನ್ರಿ ಟೌನ್ ಎಂಬವರು 1886ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಓದಿದರು. ಫ್ರೆಡರಿಕ್ ಟೇಲರ್ ಅವರ ಶಾಸ್ತ್ರೀಯ ವ್ಯವಸ್ಥಾಪನೆಯ ಗ್ರಂಥವು 1911ರಲ್ಲಿ ಹೊರಬಂದಿತು. ಕೆಲಸಗಾರನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಟೇಲರನ ಕ್ರಮದಲ್ಲಿ, ಆಲೋಚನೆಯೆಲ್ಲ ಮೇಲಿನವನಿಗೂ ಮೈದುಡಿಮೆಯೆಲ್ಲ ಕೆಳಗಿನವನಿಗೂ ಮೀಸಲಾಯಿತು. ನೀರುಗಂಟಿಯಂಥವನಿಗೆ ಅದರಲ್ಲಿ ಎಡೆಯಿಲ್ಲ.

ಪದವಿಯ ಕಥೆ ಬೇಗ ಹೇಳಿ ಮುಗಿಸಬಹುದು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. 1909ರಲ್ಲಿ ಆರಂಭವಾಗಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಅರ್ಥಶಾಸ್ತ್ರ ಮತ್ತು ಸಮಾಜ ವಿಜ್ಞಾನಗಳ ಒಂದು ವಿಭಾಗ ಹುಟ್ಟಿ, ಮುಂದೆ ಅದೇ ವ್ಯವಸ್ಥಾಪನಾ ಶಾಸ್ತ್ರದ ವಿಭಾಗವಾಯಿತು. ವಿಮಾನ, ದೂರವಾಣಿ, ಗಡಿಯಾರಗಳ ಸರಕಾರಿ ಕಾರ್ಖಾನೆಗಳು ಬೆಂಗಳೂರಿನ ಸುತ್ತ ಎದ್ದು ನಿಂತಾಗ, ಲೇತಿನ ಮುಂದೆ ಬೆಳೆದ ಇಂಜಿನಿಯರನೇ ಸಾವಿರಾರು ಮಂದಿಯ ಯಜಮಾನನಾಗಬೇಕಾದ ಸಂದರ್ಭ ಒದಗಿತು. ಸಾರ್ವಜನಿಕ ಉದ್ಯಮಗಳ ಇಂಥ ಅಗತ್ಯವನ್ನು ಮುಂದಿಟ್ಟುಕೊಂಡೇ 1973ರಲ್ಲಿ ಬೆಂಗಳೂರಿನ ಐ.ಐ.ಎಂ. ಸ್ಥಾಪಿತವಾಯಿತು. ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲೇ ಒಂದು ವಿಭಾಗವು ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ರೋಲಾ ಶಾಖೆಯಲ್ಲಿ 1967ರಲ್ಲಿ ಆರಂಭವಾಗಿತ್ತು. ನಮ್ಮ ಜಿಲ್ಲೆಗೆ ಬಂದರೆ, 1963ರಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳ ಆಶ್ರಯದಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ, 1986ರಲ್ಲಿ ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯವೂ ಬಾಗಿಲು ತೆರೆದುವು. ಸಿದ್ಧಗಂಗೆಯಲ್ಲಿ ಕೈಗಾರಿಕಾ ಇಂಜಿನಿಯರಿಂಗ್ ಮತ್ತು ವ್ಯವಸ್ಥಾಪನೆಯೆಂಬ ಶಾಖೆಯೇ ನೆಲೆಗೊಂಡಿತು.

ವಿಶ್ವೇಶ್ವರಯ್ಯನವರಿಗೆ ಕಾಲು ಶತಮಾನದ ಸೇವೆ ಕಲಿಸಿದ್ದನ್ನು ಇಪ್ಪತ್ತೆರಡರ ಹರೆಯದವರಿಗೆ ಒಂದೂವರೆ ಎರಡು ವರ್ಷಗಳಲ್ಲಿ ಕಲಿಸುವೆನೆಂಬುದು ಈ ಪದವಿಯ ಸಾಹಸ. ಯೋಜನೆಯ ಕಾಲಪಟ್ಟಿ, ವೆಚ್ಚದ ಲೆಕ್ಕ, ದಾಸ್ತಾನಿನ ಗಣಿತ, ಗುಣಮಟ್ಟದ ಪರೀಕ್ಷೆ, ಜನರನ್ನು ನಡೆಸುವ ರೀತಿ ಎಂಬಿವು ಪಾಠಪಟ್ಟಿಯಲ್ಲಿರುತ್ತವೆ. ಇವನ್ನು ಪಾಠವಾಗಿ ಕಲಿಯಲಾಗದೆಂದು ಹೇಳುವ ಹಳಬರ ಪಕ್ಷಕ್ಕೆ ನಾನು ಸೇರಿದವನಲ್ಲ. ಹಿಂದೆ ಹಿರಿತನದ ಕೊನೆಯಲ್ಲಿ, ಅದೂ ಬೆರಳೆಣಿಕೆಯ ಕುಟುಂಬಗಳವರಿಗೆ ದಕ್ಕುತ್ತಿದ್ದುದು ಈಗ ಪರೀಕ್ಷೆ ಬರೆದು ಯಾರಾದರೂ ಪಡೆಯಬಹುದಾದುದಾಗಿದೆ, ನೀರುಗಂಟಿಯ ಮೊಮ್ಮಗಳೂ ಪಡೆಯಬಹುದು, ಇದೇನೂ ಅಲ್ಪವಲ್ಲ. ಆದರೂ ಕಾಲೇಜು ಬಿಟ್ಟ ಬೇಸಗೆಯಲ್ಲೇ ಅದಕ್ಕೆ ಧಾವಿಸುವುದಕ್ಕಿಂತ, ಮೂರು ನಾಲ್ಕು ವರ್ಷ ಕಟ್ಟಡದ ಧೂಳಿನಲ್ಲೋ ಕಾರ್ಖಾನೆಯ ಪಾಳಿಯಲ್ಲೋ ಬೆವರಿ ಹೋದವರಿಗೆ ಆ ಪಾಠಗಳು ನೆಲ ಕಂಡಂತೆ ತಿಳಿಯುವುವೆಂದು ಹೇಳದಿರಲಾರೆ. ಹೇಮಾವತಿಯ ನಾಲೆಯಿಂದ ನೀರೆತ್ತಿ ಕೆರೆಗಳನ್ನು ತುಂಬಿಸುವ ಹೊನ್ನವಳ್ಳಿಯ ಏತ ನೀರಾವರಿಯನ್ನೇ ನೋಡಬಹುದು: ಪಂಪಿನ ಶಕ್ತಿಯನ್ನೂ ಕೊಳವೆಯ ವ್ಯಾಸವನ್ನೂ ಗುಣಿಸಿಕೊಡುವ ಇಂಜಿನಿಯರಿಗೆ ನಾಡಿನಲ್ಲಿ ಬರವಿಲ್ಲ, ವಿದ್ಯುತ್ತು ಇರುವ ಹೊತ್ತನ್ನೂ, ನಾಲೆಯಲ್ಲಿ ನೀರಿರುವ ದಿನಗಳನ್ನೂ, ಮೊದಲು ತುಂಬಬೇಕಾದ ಕೆರೆ ಯಾವುದೆಂಬ ಊರೂರಿನ ಹಟವನ್ನೂ ಒಂದೇ ಹಾಳೆಯ ಮೇಲೆ ತರಬಲ್ಲವರಿಗೆ ಬರ.

ಈ ವಿದ್ಯೆಗೆ ತಗಲುವ ಹಣವನ್ನು ಹೊಂದಿಸುವ ರೀತಿಯೂ ಈ ಸೀಮೆಯ ಚರಿತ್ರೆಗೆ ಸೇರಿದ್ದು. ತಿಪಟೂರಿನ ಉಂಡೆ ಕೊಬ್ಬರಿಗೆ ಅವಸರ ಸಲ್ಲದು. ಬಲಿತ ಕಾಯನ್ನು ಮಟ್ಟೆಯ ಸಹಿತ ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ನೆರಳಿನಲ್ಲಿ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಕಿವಿಯ ಬಳಿ ಅಲುಗಿಸಿದರೆ ಉಂಡೆ ಉರುಳುವ ಸದ್ದು ಕೇಳುವವರೆಗೆ ಕಾದ ಮೇಲೆಯೇ ಸುಲಿದು, ಚಿಪ್ಪೊಡೆದು, ಮಾರುಕಟ್ಟೆಯ ಹರಾಜಿಗೆ ಒಯ್ಯುವುದು. ದರ ಬಿದ್ದಾಗ ಅಟ್ಟದಲ್ಲೇ ಇಟ್ಟುಕೊಂಡು, ಏರಿದಾಗ ಇಳಿಸುವ ಈ ಲೆಕ್ಕಾಚಾರದಲ್ಲಿ ಇಲ್ಲಿಯ ಗೃಹಿಣಿಯರೂ ನಿಪುಣೆಯರು; ಹೆಚ್ಚು ದಿನ ಕಾದರೆ ಹುಳುವಿಗೂ ಬೂಷ್ಟಿಗೂ ತೆರಬೇಕಾದ ಪಾಲು ಎಷ್ಟೆಂಬುದೂ ಅವರಿಗೆ ಗೊತ್ತು. ಆದರೆ ಅಮೆರಿಕದ ವಿಶ್ವವಿದ್ಯಾನಿಲಯವು ಆಗಸ್ಟಿನಲ್ಲಿ ತೆರೆಯುವುದಾದ್ದರಿಂದ ವೀಸಾಕ್ಕೆ ಬೇಕಾದ ಹಣದ ದಾಖಲೆಯನ್ನು ಬೇಸಗೆಯಲ್ಲೇ ತೋರಿಸಬೇಕಾಗುತ್ತದೆ. ಅಟ್ಟದ ಮೇಲಿನ ಕಾಯನ್ನು ಯಾವ ದೂತಾವಾಸವೂ ಧನವೆಂದು ಎಣಿಸದಾದುದರಿಂದ, ದರ ಏರುವುದನ್ನು ಕಾಯದೆ ಕೊಬ್ಬರಿಯನ್ನು ಇಳಿಸುವುದೋ, ತೋಟದ ಪಹಣಿಯನ್ನು ಬ್ಯಾಂಕಿಗೆ ಒಯ್ಯುವುದೋ ಎಂಬ ಮಾತು ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಇಂಥ ಮನೆಗಳ ಜಗಲಿಯ ಮೇಲೆ ನಡೆಯುತ್ತದೆ, ಮತ್ತು ಬಹುಮಟ್ಟಿಗೆ ಪಹಣಿಯೇ ಬ್ಯಾಂಕಿಗೆ ಹೋಗುತ್ತದೆ.