ಗಣಿಯ ಗಂಟೆ, ಕಣಯಂತ್ರದ ಕಾವಲು

ರೈಲ್ವೆ ಗೇಟಿನ ಮುಂದೆ ಕಾದು ಬೇಸತ್ತು ಗೇಟ್‌ಮನ್‌ನನ್ನು ಬೈಯದವರು ನಮ್ಮಲ್ಲಿ ಕಡಿಮೆ. ರೈಲು ಇನ್ನೂ ಎಲ್ಲೋ ದೂರದಲ್ಲಿದೆ, ಇಷ್ಟು ಬೇಗ ಗೇಟು ಮುಚ್ಚುವುದೇಕೆ ಎಂಬುದು ಎಲ್ಲರ ಪ್ರಶ್ನೆ. ಉತ್ತರ ಸರಳ. ಗೇಟಿಗೂ ಸಿಗ್ನಲ್ಲಿಗೂ ಕೊಂಡಿ ಹಾಕಿರುವ ಕಡೆಗಳಲ್ಲಿ, ಗೇಟು ಮುಚ್ಚಿ ಬೀಗ ಬೀಳುವ ತನಕ ರೈಲಿಗೆ ಸಿಗ್ನಲ್ ಕೊಡಲು ಬರುವುದೇ ಇಲ್ಲ. ಗೇಟ್‌ಮನ್ ಮರೆತರೆ ರೈಲು ನಿಂತಿರುತ್ತದೆ, ಅಷ್ಟೆ. ಒಂದು ಕೆಲಸ ಮುಗಿಯದೆ ಇನ್ನೊಂದು ನಡೆಯದಂತೆ ತಡೆಯುವ ಈ ಏರ್ಪಾಡಿಗೆ ಎಂಜಿನಿಯರುಗಳ ಭಾಷೆಯಲ್ಲಿ ‘ಇಂಟರ್‌ಲಾಕ್’ ಎಂದು ಹೆಸರು.

ಜಗತ್ತಿನ ಅತಿ ದೊಡ್ಡ ಯಂತ್ರವಾದ ಯುರೋಪಿನ ಕಣವೇಗವರ್ಧಕವನ್ನು ಇಂದು ಕಾಯುತ್ತಿರುವುದೂ ಇದೇ ತತ್ವ. ಆದರೆ ಅದನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹಿಡಿದು, ಊರಿಗಾಂ ದಾಟಿ, ‘ಚಾಂಪಿಯನ್’ ನಿಲ್ದಾಣದಲ್ಲಿ ಇಳಿದರೆ ಸಾಕು. ಯಂತ್ರವನ್ನು ನಂಬಿ ಮನುಷ್ಯ ತನ್ನ ಪ್ರಾಣವನ್ನು ಅದರ ಕೈಗೆ ಕೊಡುವುದು ಹೇಗೆ ಎಂಬ ಪಾಠವನ್ನು ಕೋಲಾರ ಚಿನ್ನದ ಗಣಿಯ ಜನ ನೂರಕ್ಕೂ ಹೆಚ್ಚು ವರ್ಷ ದಿನನಿತ್ಯ ಕಲಿತರು. ಕಣ ವಿಜ್ಞಾನಿಗಳೂ ಇಲ್ಲಿಗೆ ಬಂದು ಅದೇ ಕೇಜಿನಲ್ಲಿ ನಿಂತು ಪಾತಾಳಕ್ಕಿಳಿದರು.

ಭಾಷೆ ಬೇಡದ ಭಾಷೆ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ‘ಚಾಂಪಿಯನ್’ ಎಂಬ ಚಿನ್ನದ ಅದಿರಿನ ಪಟ್ಟೆ ಸಿಕ್ಕಿತು. ಅದರ ಬೆನ್ನು ಹತ್ತಿ ಇಳಿಯುತ್ತ ಇಳಿಯುತ್ತ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ ಮುಟ್ಟಿತು. ತಳದಲ್ಲಿ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಷಿಯಸ್ ಆಸುಪಾಸು. ಅಲ್ಲಿಗೆ ಹೋಗಿ ಬರಲು ಇದ್ದ ದಾರಿ ಶಾಫ್ಟ್. ವಾಹನ, ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕೇಜ್.

ಕೇಜನ್ನು ಏರಿಸಿ ಇಳಿಸುವ ವೈಂಡಿಂಗ್ ಎಂಜಿನ್ನಿನ ಚಾಲಕ ಮೇಲಿನ ಮನೆಯಲ್ಲಿ ಕುಳಿತಿರುತ್ತಾನೆ. ಕೆಳಗಿರುವ ಮನುಷ್ಯರು ಅವನಿಗೆ ಕಾಣರು. ಅವನಿಗೆ ಕೇಳುವುದು ಗಂಟೆ ಮಾತ್ರ. ನಿಂತ ಕೇಜಿಗೆ ಒಂದು ಬಡಿತ ಬಂದರೆ ಮೇಲೆತ್ತು. ಚಲಿಸುತ್ತಿರುವಾಗ ಒಂದು ಬಡಿತ ಬಂದರೆ ನಿಲ್ಲಿಸು. ಎರಡು ಬಂದರೆ ಇಳಿಸು. ಮೂರು ಬಂದರೆ ಜನ ಹತ್ತಲಿದ್ದಾರೆ. 1961ರ ಲೋಹ ಗಣಿ ನಿಯಮಾವಳಿಯಲ್ಲಿ ಅಚ್ಚಾಗಿರುವ ಈ ಸಂಜ್ಞೆಗಳ ರೂಢಿ ಅದಕ್ಕಿಂತ ಬಹಳ ಹಳೆಯದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೂರು ಬಡಿತ ಬಂದೊಡನೆ ಜನ ಕೇಜಿಗೆ ನುಗ್ಗುವಂತಿಲ್ಲ. ಮೇಲಿನಿಂದ ಮತ್ತೆ ಮೂರು ಬಡಿತ ಮರುಳಿ ಬರಬೇಕು. ಆಗ ಮಾತ್ರ ಹತ್ತಬಹುದು. ಒಂದು ಕಡೆಯ ಮಾತು ಸಾಲದು, ಎರಡು ಕಡೆಯ ಒಪ್ಪಿಗೆ ಬೇಕು.

ತಮಿಳು, ತೆಲುಗು, ಕನ್ನಡ ಮಾತನಾಡುವ ಕಾರ್ಮಿಕರು, ಕಾರ್ನ್‌ವಾಲಿನಿಂದ ಬಂದ ಇಂಗ್ಲಿಷ್ ಗಣಿಗಾರರು, ಇಟಲಿಯವರು ಎಲ್ಲರೂ ಒಂದೇ ಶಾಫ್ಟಿನಲ್ಲಿ ಇಳಿದ ಊರು ಇದು. ಗಂಟೆಯ ಬಡಿತಕ್ಕೆ ಮಾತ್ರ ಯಾರ ಭಾಷೆಯೂ ಬೇಕಾಗಿರಲಿಲ್ಲ.

ಬಿಟ್ಟರೆ ಬೀಳುವ ಬ್ರೇಕು

ಗಂಟೆ ಸರಿಯಾಗಿ ಬಾರಿಸಿತು ಎನ್ನೋಣ. ಚಾಲಕನಿಗೇ ತಲೆ ಸುತ್ತಿ ಬಂದರೆ? ಮೇಲೇರಿದ ಕೇಜು ನಿಲ್ಲದೆ ಹೆಡ್‌ಗೇರಿನ ಗಾಲಿಗೆ ಹೋಗಿ ಬಡಿದರೆ? ಗಣಿಯವರು ಅತ್ಯಂತ ಹೆದರುತ್ತಿದ್ದ ಈ ಅಪಘಾತಕ್ಕೆ ‘ಓವರ್‌ವೈಂಡ್’ ಎಂದು ಹೆಸರು. ಇದನ್ನು ತಡೆಯಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲೇ ಒಂದು ಜಾಣ ಕೊಕ್ಕೆ ಹುಟ್ಟಿತು. ಕೇಜು ಮಿತಿ ಮೀರಿ ಮೇಲೆ ಬಂದರೆ ಕೊಕ್ಕೆ ಹಗ್ಗವನ್ನು ತಾನೇ ಬಿಟ್ಟುಬಿಡುತ್ತದೆ. ಅದೇ ಗಳಿಗೆಯಲ್ಲಿ ಕೇಜನ್ನು ಗಟ್ಟಿ ಚೌಕಟ್ಟಿಗೆ ಸಿಕ್ಕಿಸಿ ತೂಗುಹಾಕುತ್ತದೆ. ಆಳ ತೋರಿಸುವ ಮುಳ್ಳಿಗೆ ಜೋಡಿಸಿದ ಇನ್ನೊಂದು ಸಾಧನ, ಕೇಜು ನಿಲ್ದಾಣ ಸಮೀಪಿಸಿದರೂ ವೇಗ ತಗ್ಗದಿದ್ದರೆ ಚಾಲಕನನ್ನು ಕೇಳದೆಯೇ ಬ್ರೇಕು ಹಾಕಿಬಿಡುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕಿನ ರಚನೆ. ನಮ್ಮ ಸೈಕಲ್ಲಿನಲ್ಲಿ ಅದುಮಿದರೆ ಬ್ರೇಕು ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ವೈಂಡರಿನಲ್ಲಿ ಇದು ತಿರುವುಮುರುವು. ಭಾರವಾದ ತೂಕವೊಂದು ಬ್ರೇಕನ್ನು ಸದಾ ಹಿಡಿದಿರುತ್ತದೆ. ಹಬೆ, ಗಾಳಿ ಅಥವಾ ಎಣ್ಣೆಯ ಒತ್ತಡ ಆ ತೂಕವನ್ನು ಎತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಯಂತ್ರ ತಿರುಗಬಲ್ಲದು. ಒತ್ತಡ ಹೋಯಿತೋ, ತೂಕ ಬಿತ್ತು, ಕೇಜು ನಿಂತಿತು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೆಜಿಎಫ್‌ಗೆ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೂರು ವರ್ಷ ಮೊದಲೇ ಗಣಿ ಆ ವಿದ್ಯುತ್ತನ್ನು ಕಂಡಿತು. ಕಾಡು, ಹೊಲ, ಮಳೆ, ಸಿಡಿಲುಗಳನ್ನು ದಾಟಿ ಬರುವ ಇಷ್ಟು ಉದ್ದದ ತಂತಿ ಎಂದಾದರೂ ಕೈಕೊಟ್ಟೇ ಕೊಡುತ್ತದೆ. ವಿದ್ಯುತ್ತಿನಿಂದ ತಿರುಗುವ ವೈಂಡರಿಗೆ, ಶಕ್ತಿ ನಿಂತೊಡನೆ ತಾನಾಗಿ ಬೀಳುವ ಬ್ರೇಕು ಎಷ್ಟು ಅಗತ್ಯ ಎಂಬುದನ್ನು ವಿವರಿಸಬೇಕಾಗಿಲ್ಲ. ‘ಕೆಟ್ಟರೂ ಕೇಡಾಗದಂತೆ ಕೆಡಬೇಕು’ ಎಂಬುದೇ ಇಲ್ಲಿನ ನೀತಿ.

ಅದೇ ಕೇಜಿನಲ್ಲಿ ವಿಜ್ಞಾನಿಗಳು

1951ರಲ್ಲಿ ಈ ಕೇಜನ್ನು ಹತ್ತಲು ಹೊಸ ಬಗೆಯ ಅತಿಥಿಯೊಬ್ಬರು ಬಂದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಆಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವ ವಿಜ್ಞಾನಿ. ಹೋಮಿ ಭಾಭಾ ಅವರ ಸಲಹೆಯಂತೆ ವಿಶ್ವಕಿರಣಗಳನ್ನು ನೆಲದಾಳದಲ್ಲಿ ಅಳೆಯಲು ಅವರು ಇಲ್ಲಿಗೆ ಬಂದಿದ್ದರು.

ವಿಶ್ವಕಿರಣಗಳೆಂದರೆ ಪ್ರಕೃತಿಯೇ ನಡೆಸುವ ಕಣವೇಗವರ್ಧಕದ ಉತ್ಪನ್ನ. ಬಾಹ್ಯಾಕಾಶದಿಂದ ಬರುವ ಕಣಗಳು ವಾಯುಮಂಡಲಕ್ಕೆ ಅಪ್ಪಳಿಸಿ ಮ್ಯುಯಾನ್ ಮುಂತಾದ ಕಣಗಳ ಮಳೆ ಸುರಿಸುತ್ತವೆ. ಅಂಗೈಯಗಲದ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಸುಮಾರು ಒಂದು ಮ್ಯುಯಾನ್ ಬೀಳುತ್ತಿರುತ್ತದೆ. ಮನುಷ್ಯ ಕಟ್ಟಿದ ಯಂತ್ರವಾದರೆ ಸ್ವಿಚ್ಚು ಆರಿಸಬಹುದು. ಆಕಾಶದ ಈ ಯಂತ್ರಕ್ಕೆ ಸ್ವಿಚ್ಚಿಲ್ಲ. ಅದರಿಂದ ಮರೆ ಬೇಕಿದ್ದರೆ ದಪ್ಪನೆಯ ಗೋಡೆ ಬೇಕು. ಆ ಗೋಡೆ ಚಾಂಪಿಯನ್ ರೀಫ್ಸ್‌ನಲ್ಲಿ ಸಿದ್ಧವಾಗಿತ್ತು. ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಕೋಟಿಗೊಂದರಷ್ಟು ಮ್ಯುಯಾನ್ ಕೂಡ ಉಳಿಯುವುದಿಲ್ಲ. ಎಂಥ ಬಂಡೆಯನ್ನೂ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊವನ್ನು ಹಿಡಿಯಲು ಇದಕ್ಕಿಂತ ನಿಶ್ಶಬ್ದ ಜಾಗ ಬೇರೆಲ್ಲಿ?

ಹೀತ್‌ಕೋಟ್ ಶಾಫ್ಟಿನ ಬಳಿ 7,600 ಅಡಿ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಸೇರಿ ಉಪಕರಣ ನಿಲ್ಲಿಸಿದವು. ಎದುರುಬದುರಾಗಿ ಎರಡು ಗೋಡೆಗಳು. ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ಕಿನಿಂದ ಕಟ್ಟಿದಂಥವು. ನಡುವೆ ಸೀಸದ ಹಲಗೆಗಳು, ನಿಯಾನ್ ಕೊಳವೆಗಳು. ಒಂದು ಗೋಡೆ ಮಾತ್ರ ಮಿನುಗಿದರೆ ಏನೂ ನಡೆಯದು. ಎರಡೂ ಒಟ್ಟಿಗೆ ಮಿನುಗಿದರೆ ಮಾತ್ರ ಕೊಳವೆಗಳಿಗೆ ಹೆಚ್ಚು ವೋಲ್ಟೇಜು ಹರಿದು, ಕಣ ಸಾಗಿದ ಜಾಡು ಬೆಳಗಿ, ಕ್ಯಾಮರಾ ಚಿತ್ರ ತೆಗೆಯುತ್ತದೆ. ಕೇಜು ಹತ್ತುವ ಮುನ್ನ ಎರಡು ಕಡೆಯ ಮೂರು ಬಡಿತ ಕೇಳಬೇಕೆಂಬ ಗಣಿಯ ನಿಯಮಕ್ಕೂ ಇದಕ್ಕೂ ತತ್ವದಲ್ಲಿ ಅಂತರವಿಲ್ಲ. 1965ರ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತ್ತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಅದೇ ಬೇಟೆಯಲ್ಲಿದ್ದ ಅಮೆರಿಕದ ಫ್ರೆಡರಿಕ್ ರೈನ್ಸ್ ತಂಡದ ವರದಿ ಪ್ರಕಟವಾದದ್ದು ಎರಡು ವಾರಗಳ ನಂತರ. ಕೆಜಿಎಫ್ ಲೇಖನದ ಲೇಖಕರಲ್ಲಿ ಶ್ರೀಕಂಠನ್ ಅವರ ಜತೆಗೆ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಕೂಡ ಇದ್ದರು.

ಬಂಡೆಗೆ ಬೀಗವಿಲ್ಲ

ಇಷ್ಟೆಲ್ಲ ಕಾವಲಿದ್ದರೂ ಗಣಿಯಲ್ಲಿ ಸಾವು ತಪ್ಪಲಿಲ್ಲ. ಕೇಜಿಗೆ ಕೊಕ್ಕೆ ಹಾಕಬಹುದು, ವೈಂಡರಿಗೆ ಬ್ರೇಕು ಇಡಬಹುದು. ಬಂಡೆಗೆ? ಕಿಲೋಮೀಟರುಗಟ್ಟಲೆ ಆಳದಲ್ಲಿ ಅದಿರು ತೆಗೆದು ಟೊಳ್ಳಾದ ಕಡೆ ಸುತ್ತಲ ಕಲ್ಲಿನ ಮೇಲೆ ಒತ್ತಡ ಕೂಡುತ್ತ ಹೋಗಿ, ಒಂದು ದಿನ ಅದು ಸಿಡಿಗುಂಡಿನಂತೆ ಸಿಡಿಯುತ್ತದೆ. ಕೆಜಿಎಫ್‌ನವರ ನಿದ್ದೆಗೆಡಿಸಿದ ‘ರಾಕ್‌ಬರ್ಸ್ಟ್’ ಇದೇ. ಮೇಲೆ ಕಾಲೊನಿಯ ಮನೆಗಳು ನಡುಗಿದರೆ, ಗಂಡನನ್ನೋ ಮಗನನ್ನೋ ಪಾಳಿಗೆ ಕಳಿಸಿದ ಮನೆಯವರ ಎದೆಯೂ ನಡುಗುತ್ತಿತ್ತು.

ಬೀಗ ಹಾಕಲಾಗದ ಈ ಶತ್ರುವಿನ ಸದ್ದನ್ನಾದರೂ ಕೇಳೋಣ ಎಂದು 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿ ಪ್ರದೇಶದಲ್ಲಿ ಭೂಕಂಪನ ಮಾಪಕಗಳ ಜಾಲ ಹಾಕಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಚಾಂಪಿಯನ್ ರೀಫ್ಸ್‌ನಲ್ಲೇ ಆರಂಭವಾಯಿತು. ಸಿಡಿತ ಎಲ್ಲಾಯಿತು, ಎಷ್ಟು ಬಲದ್ದು ಎಂದು ಹೇಳುವುದು ಸಾಧ್ಯವಾಯಿತು. ಮುಂದಿನದು ಯಾವ ಗಳಿಗೆಯಲ್ಲಿ ಎಂದು ಹೇಳುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ನಾವು ಊಹಿಸಬಲ್ಲ, ಅಳೆಯಬಲ್ಲ ಅಪಾಯಕ್ಕೆ ಮಾತ್ರ ಇಂಟರ್‌ಲಾಕ್ ಹಾಕಬಹುದು ಎಂಬ ಕಹಿಪಾಠ ಇದು.

ಜಿನೀವಾದಲ್ಲಿ ಅದೇ ಪಾಠ

ಈ ಪಾಠವನ್ನು ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯವೂ ಕಲಿಯಬೇಕಾಯಿತು. ಅಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳ ಎರಡು ಪ್ರವಾಹಗಳು ಎದುರುಬದುರಾಗಿ ಸುತ್ತುತ್ತವೆ. ಯಂತ್ರದ ವಿನ್ಯಾಸದಂತೆ ಒಂದೊಂದು ಪ್ರವಾಹದಲ್ಲಿ ತುಂಬಿರುವ ಶಕ್ತಿ ಸುಮಾರು 500 ಕಿಲೋ ತಾಮ್ರ ಕರಗಿಸಲು ಸಾಕು. ದಾರಿ ತಪ್ಪಿದರೆ ಯಂತ್ರವೇ ತೂತಾಗುತ್ತದೆ. ಆದ್ದರಿಂದ ಸುರಂಗದುದ್ದಕ್ಕೂ ಸಾವಿರಾರು ಕಾವಲು ಸಾಧನಗಳಿವೆ. ಎಲ್ಲವೂ ‘ಸರಿಯಾಗಿದೆ’ ಎನ್ನುತ್ತಿರುವಷ್ಟು ಹೊತ್ತು ಮಾತ್ರ ‘ಅನುಮತಿ’ಯ ಸಂಜ್ಞೆ ಹರಿಯುತ್ತಿರುತ್ತದೆ. ಒಂದೇ ಒಂದು ಸುಮ್ಮನಾದರೂ ಸಂಜ್ಞೆ ಕಡಿಯುತ್ತದೆ. ಪ್ರವಾಹ ಕೆಲವೇ ಸುತ್ತುಗಳಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ, ಹೊರಗಿನ ಗ್ರ್ಯಾಫೈಟ್ ದಿಮ್ಮಿಗೆ ತಿರುಗುತ್ತದೆ. ಒತ್ತಡ ಹೋದೊಡನೆ ಬೀಳುವ ವೈಂಡರಿನ ತೂಕ ನೆನಪಾಗುವುದಿಲ್ಲವೇ?

ಆ ಯಂತ್ರದ ರಕ್ಷಣೆಯಲ್ಲಿ ನಮ್ಮವರ ಕೈಯೂ ಇದೆ. ಅತಿಶೀತಲ ಕಾಂತಗಳು ದಿಢೀರನೆ ಬಿಸಿಯೇರಿದಾಗ ಅವನ್ನು ಕಾಪಾಡುವ ಸಾವಿರಾರು ವಿದ್ಯುತ್ ಘಟಕಗಳು ಭಾರತದಿಂದ ಹೋದವು. ಕಾಂತಗಳನ್ನು ಕೂದಲೆಳೆಯ ನಿಖರತೆಯಲ್ಲಿ ಹೊತ್ತು ನಿಲ್ಲಿಸುವ ಸುಮಾರು 7,000 ಜಾಕ್‌ಗಳು ಬೆಂಗಳೂರು ಮತ್ತು ಇಂದೋರಿನಲ್ಲಿ ತಯಾರಾದವು.

ಆದರೂ 2008ರ ಸೆಪ್ಟೆಂಬರ್ 19ರಂದು, ಯಂತ್ರ ಆರಂಭವಾದ ಒಂಬತ್ತೇ ದಿನಕ್ಕೆ, ಎರಡು ಕಾಂತಗಳ ನಡುವಿನ ವಿದ್ಯುತ್ ಬೆಸುಗೆಯೊಂದು ಕೈಕೊಟ್ಟಿತು. ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. 53 ಕಾಂತಗಳನ್ನು ಕಳಚಿ ತೆಗೆಯಬೇಕಾಯಿತು. ಒಳಗೆ ಜನರಿರಲಿಲ್ಲವಾಗಿ ಪ್ರಾಣಹಾನಿ ಆಗಲಿಲ್ಲ. ಯಂತ್ರ ಮತ್ತೆ ನಡೆಯಲು 2009ರ ನವೆಂಬರ್ ಬರಬೇಕಾಯಿತು. ಕಾಂತಗಳಿಗಿದ್ದ ಬಿಗಿ ಕಾವಲು ಆ ಬೆಸುಗೆಗಳಿಗೆ ಇರಲಿಲ್ಲ. ಆಮೇಲೆ ಒಂದೊಂದು ಬೆಸುಗೆಯನ್ನೂ ಗಮನಿಸುವ ಹೊಸ ವ್ಯವಸ್ಥೆ ಬಂತು.

ಕೆಜಿಎಫ್‌ನ ಪಾಲಿಗೆ ಅಂಥ ಎರಡನೆಯ ಅವಕಾಶ ಸಿಗಲಿಲ್ಲ. 1980ರ ದಶಕದಲ್ಲಿ ನಂದಿದುರ್ಗ ಗಣಿಯಲ್ಲಿ ಪ್ರೋಟಾನಿನ ಸಾವನ್ನು ಹುಡುಕುವ ಪ್ರಯೋಗವೂ ನಡೆಯಿತು. ಚಿನ್ನ ಲಾಭ ತರದಾದಾಗ ವಿಜ್ಞಾನವೂ ಮೇಲೆದ್ದು ಬರಬೇಕಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ನ್ಯೂಟ್ರಿನೊ ಸಿಕ್ಕ ಆ ಆಳಕ್ಕೆ ಈಗ ಯಾವ ಕೇಜೂ ಇಳಿಯುವುದಿಲ್ಲ. ಬಂಡೆ ಮಾತ್ರ ನೀರು ತುಂಬಿದ ಮೇಲೂ ಆಗಾಗ ಅದುರಿದ್ದು ದಾಖಲಾಗಿದೆ.

ಯಂತ್ರ ನಿಂತರೆ ನಮಗೆ ಸಿಟ್ಟು ಬರುತ್ತದೆ. ಅದು ಕೆಟ್ಟಿತೆಂದೇ ನಮ್ಮ ಭಾವನೆ. ಎಷ್ಟೋ ಸಲ ಅದು ತನ್ನ ಕೆಲಸವನ್ನೇ ಮಾಡಿರುತ್ತದೆ. ಮೂರು ಬಡಿತಕ್ಕೆ ಮೂರು ಬಡಿತ ಮರುಳಿ ಬರುವ ತನಕ ಕಾಲಿಡದೆ ಕಾದ ಗಣಿ ಕಾರ್ಮಿಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ರೈಲ್ವೆ ಗೇಟು ಬೇಗ ಮುಚ್ಚಿತೆಂದು ಗೊಣಗುವ ಮುನ್ನ ಅವನನ್ನೊಮ್ಮೆ ನೆನೆಯೋಣ.