ಬೋಲ್ಟಿನ ವಂಶಾವಳಿ

ಹಳೆಯ ಕಾರೊಂದನ್ನು ಬಿಚ್ಚಿ, ತೊಳೆದು, ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮರಳಿಸಬೇಕೆಂದು ಸಂಕಲ್ಪಿಸಿದವನು ಅದರ ಬಣ್ಣ ಯಾವುದಿತ್ತು, ಆಸನದ ಚರ್ಮ ಎಂಥದಿತ್ತು ಎಂಬುದನ್ನು ಹಳೆಯ ಚಿತ್ರಗಳಿಂದಲೋ ಮಾರಾಟದ ಪುಸ್ತಿಕೆಗಳಿಂದಲೋ ಹೇಗೋ ತಿಳಿದುಕೊಂಡಾನು. ನಟ್ಟುಬೋಲ್ಟುಗಳ ವಿಷಯದಲ್ಲಾದರೋ ಅವನು ಆ ಬೋಲ್ಟನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿ ಎಂಬ, ಇಬ್ಬರಿಗಷ್ಟೇ ಜಾಗವುಳ್ಳ ಪುಟ್ಟ ಕಾರು ಈ ಮಾತಿಗೆ ಉತ್ತಮ ನಿದರ್ಶನ.

ಅದರ ಎಂಜಿನ್ನಿನಿಂದ ತೆಗೆದ ಒಂದು ಸಾಧಾರಣ ಬೋಲ್ಟನ್ನು ಅಂಗೈಯಲ್ಲಿಟ್ಟು ಪರೀಕ್ಷಿಸೋಣ. ಷಟ್ಕೋನಾಕೃತಿಯ ತಲೆಗೆ ವಿಟ್‌ವರ್ತ್ ಎಂಬ ಬ್ರಿಟಿಷ್ ಅಳತೆಯಲ್ಲಿ ಕಾಲಿಂಚಿನದೆನಿಸುವ ಸ್ಪ್ಯಾನರು ಚೊಕ್ಕವಾಗಿ ಕೂಡುವುದರಿಂದ ಇದು ಅಪ್ಪಟ ಬ್ರಿಟಿಷ್ ಬೋಲ್ಟೆಂದು ಯಾರಿಗಾದರೂ ತೋರೀತು. ಆದರೆ ದಂಡವನ್ನು ಅಳೆದರೆ ಅದರ ದಪ್ಪ 8 ಮಿಲಿಮೀಟರು. ತಿರುಪಿನ ಸುತ್ತಿನಿಂದ ಸುತ್ತಿಗೆ ಇರುವ ಅಂತರ ಸರಿಯಾಗಿ 1 ಮಿಲಿಮೀಟರು. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ 8 ಮಿಲಿಮೀಟರಿನ ಬೋಲ್ಟಿಗೆ ಈ ಅಂತರ 1.25 ಆದುದರಿಂದ ಅದು ತುಸು ಹೊಕ್ಕು ಸಿಕ್ಕಿಕೊಳ್ಳುತ್ತದೆ. ತಲೆಯ ಅಗಲ 13.3 ಮಿಲಿಮೀಟರು ಆದುದರಿಂದ 13ರ ಸ್ಪ್ಯಾನರು ಏರದು, 14ರದು ಸಡಿಲಾಗಿ ಮೂಲೆಗಳನ್ನು ಸವೆಸುತ್ತದೆ. ಫ್ರೆಂಚ್ ದೇಹಕ್ಕೆ ಇಂಗ್ಲಿಷ್ ಶಿರಸ್ಸನ್ನು ಜೋಡಿಸಿದ ಈ ವಿಚಿತ್ರ ಸೃಷ್ಟಿಯ ಮೂಲವನ್ನರಸಿ ಹೊರಟರೆ ನಾವು ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೋಗಿ ನಿಲ್ಲುತ್ತೇವೆ.

ಪ್ಯಾರಿಸ್ಸಿನ ಮಗ್ಗುಲಿನ ಸೇಂಟ್ ಡೆನಿಸ್‌ನಲ್ಲಿ ಬಂದೂಕುಗಳನ್ನು ತಯಾರಿಸುತ್ತಿದ್ದ ಹಾಚ್‌ಕಿಸ್ ಸಂಸ್ಥೆಯು, ಆ ಯುದ್ಧದ ಸಮಯದಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಒಂದು ಶಾಖೆಯನ್ನು ತೆರೆದು ಅಲ್ಲಿ ಮೆಷಿನ್ ಗನ್ನುಗಳನ್ನು ಮಾಡತೊಡಗಿತು. ಯುದ್ಧ ಮುಗಿದು ಬಂದೂಕುಗಳನ್ನು ಕೇಳುವವರಿಲ್ಲದಂತಾದಾಗ, ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎಂಜಿನ್ ಬರುವುದು ನಿಂತು ಕೈಕಟ್ಟಿದಂತಾಗಿದ್ದ ಕಾರು ತಯಾರಕ ವಿಲಿಯಂ ಮಾರಿಸ್ ಅದರ ಮಾದರಿಯ ಎಂಜಿನ್ನನ್ನೇ ಇಲ್ಲಿ ಮಾಡಿಸಿಕೊಳ್ಳುವ ಏರ್ಪಾಡನ್ನು ಮಾಡಿಕೊಂಡನು. ಯಂತ್ರಗಳು ಫ್ರೆಂಚ್ ಪದ್ಧತಿಯವು. ಟ್ಯಾಪು, ಡೈ, ಗೇಜುಗಳೆಲ್ಲ ಮೆಟ್ರಿಕ್. ಇವೆಲ್ಲವನ್ನೂ ಬದಲಿಸುವುದೆಂದರೆ ಅಪಾರ ವೆಚ್ಚ. ಕಾರು ಕೊಳ್ಳುವ ಆಂಗ್ಲನ ಪೆಟ್ಟಿಗೆಯಲ್ಲಿದ್ದುದಾದರೋ ವಿಟ್‌ವರ್ತ್ ಸ್ಪ್ಯಾನರುಗಳು. ಆದಕಾರಣ ತಿರುಪನ್ನು ಯಂತ್ರಕ್ಕೆ ಬಿಟ್ಟು, ತಲೆಯನ್ನು ಗಿರಾಕಿಗೆ ಒಪ್ಪಿಸಿದರು. ಇದನ್ನು ಮೌಢ್ಯವೆಂದು ನಗುವವರುಂಟು. ನನಗಾದರೋ ಇದು ಜಾಣ ವ್ಯಾಪಾರಿಯ ಮಿತವ್ಯಯವಾಗಿಯೇ ಕಾಣುತ್ತದೆ. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ ಮೇಲೂ ಈ ತಿರುಪು ಉಳಿಯಿತು. ಮಾರಿಸ್ ಬಳಗದ್ದೇ ಆದ ಎಂಜಿಯ ಟಿಸಿಯ 1250 ಸಿಸಿ ಎಂಜಿನ್ನಿಗೆ ಇಳಿದು, 1955ರಲ್ಲಿ ಕೊನೆಗೊಂಡ ಟಿಎಫ್ ಮಾದರಿಯವರೆಗೆ ನಡೆದುಬಂತು.

ಅದೇ ಟಿಸಿಯ ಚಾಸಿಯಲ್ಲಿರುವವು ಬ್ರಿಟಿಷ್ ಫೈನ್ ಬೋಲ್ಟುಗಳು. ವಿದ್ಯುತ್ ಉಪಕರಣಗಳಲ್ಲಿ ಬಿಎ ಎಂಬ ಇನ್ನೊಂದು ಜಾತಿಯ ಸಣ್ಣ ತಿರುಪುಗಳು. ಬಾಡಿಯ ಮರದ ಚೌಕಟ್ಟಿಗೆ ಮರದ ಸ್ಕ್ರೂಗಳು. ಒಂದೇ ಡಬ್ಬದಲ್ಲಿ ಎಲ್ಲವನ್ನೂ ಸುರಿದಿಟ್ಟವನು ಜೋಡಿಸುವಾಗ ಪಡುವ ಪಾಡು ವರ್ಣನಾತೀತ.

ಮಾದರಿಯೊಂದರ ಆಯುಷ್ಯದೊಳಗೇ ಆಗುವ ಮಾರ್ಪಾಡುಗಳದು ಬೇರೆಯೇ ಕಥೆ. ಕಾರ್ಖಾನೆಯವರು ಇವುಗಳನ್ನು ತಾರೀಖಿನಿಂದಲ್ಲದೆ ಚಾಸಿಯ ಅಥವಾ ಎಂಜಿನ್ನಿನ ಕ್ರಮಾಂಕದಿಂದ ಗುರುತಿಸುತ್ತಿದ್ದರು. ಟಿಸಿಯ ಮೊದಲ ಚಾಸಿಯ ಕ್ರಮಾಂಕ 0251. ಅದು ಕಾರ್ಖಾನೆಯ ಟೆಲಿಫೋನ್ ನಂಬರಾಗಿತ್ತೆಂಬುದು ಎಂಜಿ ಪ್ರಿಯರಿಗೆಲ್ಲ ಮೆಚ್ಚಿನ ಸಂಗತಿ. ಮುಂದೆ ಬಂದ ಟಿಡಿಯಲ್ಲಿ ಆರಂಭದ ಕೆಲವೇ ಕಾರುಗಳ ಚಕ್ರಗಳು ರಂಧ್ರವಿಲ್ಲದವು. ಆಮೇಲಿನವಕ್ಕೆ ಬ್ರೇಕಿಗೆ ಗಾಳಿಯಾಡಲೆಂದು ರಂಧ್ರಗಳನ್ನು ಕೊರೆದರು. ಎಂಜಿನ್ ಕ್ರಮಾಂಕ 9408ರಿಂದ ಕ್ಲಚ್ಚು ಏಳೂಕಾಲು ಇಂಚಿನಿಂದ ಎಂಟು ಇಂಚಿಗೆ ಹಿಗ್ಗಿತು. ಹಿಂದಿನ ಒಡೆಯನೊಬ್ಬನು ಎಂಜಿನ್ನನ್ನೇ ಬದಲಿಸಿದ್ದರೆ ಚಾಸಿ ಒಂದು ಹೇಳುತ್ತದೆ, ಕ್ಲಚ್ಚು ಇನ್ನೊಂದು ಹೇಳುತ್ತದೆ; ಜೀರ್ಣೋದ್ಧಾರಕನು ನ್ಯಾಯಾಧೀಶನಂತೆ ಎರಡನ್ನೂ ಕೇಳಿ ತೀರ್ಮಾನಿಸಬೇಕು.

ತಿರುಪುಗಳ ಈ ಗೊಂದಲಕ್ಕೆ ಮಂಗಳ ಹಾಡಿದ್ದು ಮತ್ತೊಂದು ಯುದ್ಧ, ಎರಡನೆಯ ಮಹಾಯುದ್ಧ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಪ್ರತಿಪಾದಿಸಿದ ತಿರುಪಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ ಸೂಚಿಸಿದ್ದು 60. ಕಾಲಿಂಚಿನ ದಪ್ಪ ಎಳೆಯ ಬೋಲ್ಟುಗಳಲ್ಲಿ ಎರಡು ದೇಶಕ್ಕೂ ಇಂಚಿಗೆ 20 ಸುತ್ತೇ ಇರುವುದರಿಂದ ಒಂದು ಇನ್ನೊಂದರೊಳಗೆ ತಿರುಗಿ ಹೋಗುತ್ತದೆ. ಆದರೆ ಕೋನ ಬೇರೆಯಾದುದರಿಂದ ಹಿಡಿತ ಪೂರ್ಣವಾಗದು. ಆ ಯುದ್ಧಕಾಲದಲ್ಲಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಡೆಟ್ರಾಯಿಟ್‌ನಲ್ಲಿ ತಯಾರಿಸಿದ ಪ್ಯಾಕಾರ್ಡ್ ಕಂಪನಿಯು ಬ್ರಿಟಿಷ್ ತಿರುಪುಗಳನ್ನೇ ಉಳಿಸಿಕೊಳ್ಳಬೇಕಾಗಿ, ಅದಕ್ಕೆ ಬೇಕಾದ ಟ್ಯಾಪುಗಳನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಇಂಥ ಅನುಭವಗಳ ಫಲವಾಗಿ 1948ರ ನವೆಂಬರ್ 18ರಂದು ಬ್ರಿಟನ್, ಅಮೆರಿಕ, ಕೆನಡಾಗಳು ಯೂನಿಫೈಡ್ ತಿರುಪಿನ ಒಪ್ಪಂದಕ್ಕೆ ಸಹಿ ಹಾಕಿದವು. ಅಂಥ ಬೋಲ್ಟಿನ ತಲೆಯ ಮೇಲೆ ವೃತ್ತಾಕಾರದ ತಗ್ಗನ್ನೋ ಒಂದಕ್ಕೊಂದು ತಾಗಿದ ಪುಟ್ಟ ವೃತ್ತಗಳನ್ನೋ ಅಚ್ಚೊತ್ತಿದ ಬ್ರಿಟಿಷ್ ತಯಾರಕರ ಪದ್ಧತಿ ಜೀರ್ಣೋದ್ಧಾರಕನಿಗೆ ಮಾಡಿದ ಉಪಕಾರವೇ ಸರಿ.

1955ರಲ್ಲಿ ಬಂದ ಎಂಜಿಎ ಈ ಹೊಸ ತಿರುಪಿನ ಕಾರು. ಅದರ 1489 ಸಿಸಿ ಎಂಜಿನ್ನಿನ ಸಹೋದರನೇ ಮುಂದೆ ನಮ್ಮ ಅಂಬಾಸಿಡರಿನಲ್ಲಿ ನೆಲೆಸಿ, ಬೆಂಗಳೂರು ಮೈಸೂರುಗಳ ಬೀದಿಗಳಲ್ಲೆಲ್ಲ ಓಡಾಡಿತು. ಹೀಗಾಗಿ ಅಂಬಾಸಿಡರಿನಲ್ಲಿ ಕೈ ಪಳಗಿದ ನಮ್ಮ ಮೆಕ್ಯಾನಿಕ್ಕಿಗೆ ಎಂಜಿಎ ಎಂಜಿನ್ನು ಹೊಸತೆನಿಸದು, ಅವನ ಅರ್ಧ ಇಂಚಿನ ಸ್ಪ್ಯಾನರು ಅಲ್ಲಿಯೂ ಕೂಡುತ್ತದೆ. ಅದಕ್ಕಿಂತ ಹಿಂದಿನ ಟಿಎಫ್‌ನ 8 ಮಿಲಿಮೀಟರು ಬೋಲ್ಟಿಗೆ ಮಾತ್ರ ಆ ಅರ್ಧ ಇಂಚು ಬಿಗಿ, ಅದರ ಮೇಲಿನ ಒಂಬತ್ತು ಹದಿನಾರಾಂಶ ಸಡಿಲು.